ಎಡಗೈ ಕೊಳಲು

ಟೊಬರ್‌ಕರಿಯ ಪೆಟ್ರೋಲ್ ಬಂಕಿನ ಹಿಂದೆ
ಕಾರಿನ ಬಾನೆಟ್ ಮೇಲೆ ಟೀ ಬಟ್ಟೆ ಹಾಸಿ
ಪೆಟ್ಟಿಗೆ ಬಿಚ್ಚಿದಳು ಅಟ್ರಾಕ್ಟಾ ಕೀವನಿ.
ಗಂಡನ ಕೊಳಲು: ಮೂರು ತುಂಡು ಕಪ್ಪುಮರ,
ಕೀಲಿಗೆ ಸುತ್ತಿದ ಹಳದಿ ನೂಲು.

ಮಾರುವಾಗ ನನಗೆ ಮಾತು ಬಹಳ,
ಕೊಳ್ಳುವಾಗ ಬರೀ ಕೆಮ್ಮು.
ತಲೆಯ ತುಂಡಿನಲ್ಲಿ ಕೂದಲೆಳೆಯ ಬಿರುಕು,
ಉಗುರಿನಿಂದ ತೋರಿಸಿದೆ.
ಮೂಸಿದೆ: ಬಾದಾಮಿ ಎಣ್ಣೆ, ಹಳೆಯ ತಂಬಾಕು.
ಊದಿದೆ. ಗಾಳಿ ಬಂತು, ದನಿ ಬರಲಿಲ್ಲ.

"ಕೋಲ್ಮನ್ ಎಡಚ" ಅಂದಳು.
ಹೌದು, ಉಸಿರು ತಾಕಿ ತಾಕಿ ಸವೆದದ್ದು
ನನ್ನ ಕಡೆಯ ಅಂಚಲ್ಲ, ಅದರ ಎದುರಿನದು.
"ಹಾಗಾದರೆ ಇದನ್ನು ಯಾರು ಕೊಳ್ಳುತ್ತಾರೆ ಹೇಳಿ?"
ಕೊಳ್ಳುವವಳ ಹೆಸರು ಆಗಲೇ
ನಾಲಿಗೆ ತುದಿಯಲ್ಲಿತ್ತು.

ಒಂಬೈನೂರು ಯೂರೊದಿಂದ ಆರುನೂರಕ್ಕೆ ಇಳಿದಳು.
ಎಣಿಸಿ, ಇಪ್ಪತ್ತರ ಒಂದು ನೋಟು ಮಡಿಸಿ
ನನ್ನ ಅಂಗೈಗೇ ಒತ್ತಿದಳು:
"ಅದೃಷ್ಟದ ಕಾಸು. ನಮ್ಮಪ್ಪ
ಕರು ಮಾರಿದರೂ ಕೊಡುತ್ತಿದ್ದ."
ಅಳಲಿಲ್ಲ. ಟೀ ಬಟ್ಟೆ ಮಾತ್ರ ವಾಪಸು ಕೇಳಿದಳು.
ಆ ನೋಟು ಜೇಬಿಗಿಳಿಯಲು ಒಪ್ಪಲಿಲ್ಲ,
ಪೆಟ್ಟಿಗೆಯಲ್ಲೇ ತುರುಕಿದೆ.

ಮೂರು ವಾರಕ್ಕೆ ಲೀಟ್ರಿಮ್‌ನಿಂದ ಬ್ರೋನಾ ಬಂದಳು,
ಬೇಕರಿಯ ಹಿಟ್ಟು ಇನ್ನೂ ಮೊಣಕೈಗೆ,
ಎಡಗೈ ಹುಡುಗಿ.
ತುಟಿಗಿಟ್ಟದ್ದೇ ತಡ, ತಗ್ಗಿನ ಸ್ವರ
ಹಲಗೆ ನೆಲದೊಳಗಿಂದ ಎದ್ದು
ನನ್ನ ಪಾದ ಮುಟ್ಟಿತು.
ಸಾವಿರದ ಇನ್ನೂರು, ಅಂದೆ.
ಚೌಕಾಸಿ ಅವಳಿಗೆ ಬಾರದು.

ಮಖಮಲ್ಲಿನಡಿ ಬೆರಳಾಡಿಸಿದಳು,
ಮಡಿಸಿದ ನೋಟು ಬಂತು.
"ನಿಮ್ಮದಾ?"

ಅಲ್ಲ, ಅಂದೆ.
ಬಿರುಕು ಬಿಟ್ಟರೆ
ಆ ವ್ಯಾಪಾರದಲ್ಲಿ ನಾನಾಡಿದ ನಿಜ
ಅದೊಂದೇ.