ಹದಿನೇಳನೆಯ ಸರಳು

ಸೂರ್ ಎಂದರೆ ಇಲ್ಲಿ ಊರು,
ನಮ್ಮ ಮಾತಲ್ಲಿ ತಲೆಯ ಮೇಲಿನ ಸೂರು.
ಹೇಳಿದಾಗ ಸುಲೂಮ್ ನಕ್ಕ:
"ಹಾಗಾದರೆ ನೀನು ಬಂದದ್ದು ಮನೆಗೇ."
ಬಾಡಿಗೆ ಕಟ್ಟುವವನು ನಾನು.

ಬೆಳಗಿನ ಜಾವ ಮೂರೂವರೆ.
ಕತ್ತಲಲ್ಲಿ ತಡಕಾಡಿ ಬೂಟು ಏರಿಸಿ ಬಂದಿದ್ದೇವೆ,
ಬೆರಳು ಹಿಸುಕುತ್ತಿದೆ, ವಯಸ್ಸಾಗಿ ಕಾಲು ಊದಿರಬೇಕು.
ಹಿನ್ನೀರಿನ ಮೇಲೊಂದು ಕಾಲುಸೇತುವೆ,
ಕಮಾನಿನಿಂದ ಇಳಿಬಿಟ್ಟ ಇಪ್ಪತ್ತೆರಡು ಉಕ್ಕಿನ ಸರಳು,
ಹೆಬ್ಬೆರಳಿಗಿಂತ ತುಸು ದಪ್ಪ.
ಬಿಸಿಲಲ್ಲಿ ಇವು ಸುಳ್ಳು ಹೇಳುತ್ತವೆ,
ಮೂಡಣದ ಸಾಲು ಮೈಮುರಿದು ಉದ್ದವಾಗುವಾಗ
ಪಡುವಣದ್ದು ಇನ್ನೂ ನಿದ್ದೆಯಲ್ಲಿ.
ಅದಕ್ಕೇ ಅಳತೆ ಈ ಹೊತ್ತಿಗೆ,
ಉಕ್ಕಿಗೂ ಗಾಳಿಗೂ ನೀರಿಗೂ
ಒಂದೇ ಮೈಬಿಸಿ ಇರುವಾಗ.

ಹರ್ಕ ಲಿಂಬು ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತಾನೆ.
ಯಂತ್ರವಿದೆ, ಅಂಕಿ ಅದೇ ಬರೆದುಕೊಳ್ಳುತ್ತದೆ,
ಆದರೂ ನಾನು ಕಿವಿ ಇಡುತ್ತೇನೆ.
ಚಟ.
ಎದುರುಬದುರಿನ ಜೋಡಿಗೆ ಒಂದೇ ದನಿ ಇರಬೇಕು.
ಆರರ ಜೋಡಿ ಹದಿನೇಳು,
ನಟ್ಟನಡುವಿನವು, ಎಲ್ಲಕ್ಕಿಂತ ಉದ್ದ.
ಆರು ಗುಂಯ್ ಎಂದಿತು, ಬಹಳ ಹೊತ್ತು.
ಹದಿನೇಳು
ಒದ್ದೆ ಹಗ್ಗದ ಹಾಗೆ,
ಧಪ್.

ಗುಳೇದಗುಡ್ಡದಲ್ಲಿ ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟು
ಅಪ್ಪ ಹಾಸಿನ ಮೇಲೆ ಅಂಗೈ ಸವರುತ್ತಿದ್ದ, ಕಣ್ಣು ಮುಚ್ಚಿ.
"ಬಿಗಿ ಹೆಚ್ಚಾದ್ರ ಎಳಿ ಹರಿತೈತಿ,
ಕಮ್ಮಿ ಆದ್ರ ಲಾಳಿ ಎಡವತೈತಿ."
ಎರಡರ ನಡುವಿನದಕ್ಕೆ ಅವನ ಬಳಿ ಹೆಸರಿರಲಿಲ್ಲ,
ಅಂಗೈ ನಿಂತ ಜಾಗವೇ ಹೆಸರು.
ನಮ್ಮ ನಕ್ಷೆಯಲ್ಲಿ ಅದು ನೂರಾಹತ್ತು ಕಿಲೋನ್ಯೂಟನ್,
ಐದು ಹೆಚ್ಚುಕಮ್ಮಿ ನಡೆಯುತ್ತದೆ.

ಕಂಬಕ್ಕೆ ಹೊರುವುದು ಗೊತ್ತು, ಒತ್ತುವುದು ಗೊತ್ತು.
ಸರಳಿಗೆ ಎಳೆತವೊಂದೇ ಭಾಷೆ,
ತಳ್ಳಿದರೆ ಸುಮ್ಮನೆ ಬಾಗಿ ಮುಖ ತಿರುಗಿಸುತ್ತದೆ.
ಸುಲೂಮನ ಮುತ್ತಜ್ಜನ ಹಡಗಿನಲ್ಲಿ ಒಂದು ಮೊಳೆ ಇರಲಿಲ್ಲವಂತೆ,
ಹಲಗೆಗೆ ಹಲಗೆ ತೆಂಗಿನ ನಾರಿನಲ್ಲಿ ಹೊಲಿದದ್ದು.
ಮೊಳೆಯ ಹಡಗು ಬಂಡೆಗೆ ಬಡಿದು ಒಡೆದೀತು,
ಹೊಲಿದದ್ದು ಕೊಸರಾಡಿ ಉಳಿದೀತು.
ನಾರು ನಿಮ್ಮ ಕಡಲ ಕಡೆಯದು ಎಂದ.
ನಮ್ಮ ಊರಿಗೆ ಕಡಲಿಲ್ಲ ಎನ್ನಲು ಮನಸ್ಸಾಗಲಿಲ್ಲ,
ಹೊಲಿದವರಲ್ಲಿ ನಾವೂ ಒಬ್ಬರೆಂದು ತಲೆಯಾಡಿಸಿದೆ.

ಹೋದ ಗುರುವಾರ
ಹದಿನಾರನ್ನು ಬಿಗಿ ಮಾಡಿದ್ದು ನಾನೇ.
ಅವತ್ತು ಹರ್ಕನ ಮೇಲೆ ಸಿಟ್ಟು,
ಕೇಳದೆ ನನ್ನ ಬೂಟು ಹಾಕಿಕೊಂಡು ಮೀನು ತರಲು ಹೋಗಿದ್ದ.
ಬೂಟೂ ಸಿಟ್ಟೂ ಸಂಜೆತನಕ ನಾರಿದವು.
ಟರ್ನ್‌ಬಕಲ್ಲಿನ ಒಂದು ತುದಿ ಎಡತಿರುಪು, ಒಂದು ಬಲತಿರುಪು,
ನಡುವೆ ಹಿಡಿದು ಒಂದೇ ಕಡೆ ತಿರುಗಿಸಿದರೆ
ಎರಡೂ ಕಡೆಯವರು ಹತ್ತಿರ ಬರುತ್ತಾರೆ.
ಕಾಲು ಸುತ್ತು ಸಾಕಿತ್ತು,
ಹಲ್ಲು ಕಚ್ಚಿ ಮುಕ್ಕಾಲು ಸುತ್ತಿದೆ.
ಹದಿನಾರು ತನ್ನದಲ್ಲದ ಭಾರ ಹೊತ್ತು ನಿಂತಿತು.
ಪಕ್ಕದ್ದು ಅನ್ನವಿಲ್ಲದ ನೆಂಟನಂತೆ
ಕೈಕಟ್ಟಿ ತೂಗಿತು, ಒಂದು ವಾರ.

ಇಂಜಿನಿಯರ್ ಗಾಡಿಯಲ್ಲಿ ನಿದ್ದೆ.
ಹರ್ಕನಿಗೆ ಹೇಳಿದೆ, ಬೂಟಿನಿಂದ ಹಿಡಿದು ಎಲ್ಲವನ್ನೂ.
ಅವನು ಸುತ್ತಿಗೆ ಕೆಳಗಿಟ್ಟು ಕೇಳಿದ,
ಏನೂ ಅನ್ನದೆ ದೊಡ್ಡ ಪಾನ ಎತ್ತಿಕೊಂಡ.
ಹದಿನಾರನ್ನು ಕೂದಲೆಳೆ ಕೂದಲೆಳೆ ಸಡಿಲಿಸಿದೆವು.
ಅವನು ತಿರುವುವುದು, ನಾನು ತಟ್ಟುವುದು.
ಧಪ್.
ಇನ್ನೂ ಧಪ್.
ಆಮೇಲೆ ಎಲ್ಲೋ ಒಳಗೆ ಸಣ್ಣ ನೊಣದ ಸದ್ದು,
ಮತ್ತೆ ಏರುತ್ತ, ಏರುತ್ತ
ಆರರ ಕೊರಳಿಗೆ ಹದಿನೇಳರ ಕೊರಳು.

ನಾಲ್ಕು ಮುಕ್ಕಾಲಿಗೆ ಬಾಂಗು.
ಟೊಪ್ಪಿಗೆಯ ಮುದುಕರೊಬ್ಬರು ಊರುಗೋಲು ಕುಟ್ಟುತ್ತ ದಾಟಿದರು,
ಹಿಂದೆಯೇ ಬೆಕ್ಕೊಂದು.
ಇಬ್ಬರ ತೂಕವೂ ಅಂಗೈಗೆ ತಿಳಿಯಿತು,
ಬೆಕ್ಕಿನದು ನನ್ನ ಕಲ್ಪನೆ ಇರಬಹುದು.

ಬೆಳಕು ಹರಿದಾಗ ಕೆಳಗೆ ನೋಡಿದೆ.
ಹರ್ಕನ ಕಾಲಲ್ಲಿ ನನ್ನ ಬೂಟು.
ನನ್ನ ಕಾಲಲ್ಲಿ ಅವನದು, ಅರ್ಧ ಅಳತೆ ಚಿಕ್ಕದು.
ರಾತ್ರಿ ಬಾಗಿಲ ಬಳಿ
ಮೊದಲು ಕೈ ಚಾಚಿದ್ದು ನಾನು.
ಹಾಗಾದರೆ ಗುರುವಾರ?
ಅವನೂ ನೋಡಿದ. ಇಬ್ಬರೂ ಬಿಚ್ಚಲಿಲ್ಲ.
ಗಾಡಿಯವರೆಗೆ ನಡೆದೆವು,
ಅವನು ಸಡಿಲಾಗಿ ಟಪ್ ಟಪ್ ಎನ್ನುತ್ತ,
ನಾನು
ಬಿಗಿಯಾಗಿ.