ನಾಲ್ಕನೆಯ ಬುಧವಾರ

ಎಲ್ಲರೂ ತಿದ್ದಬಹುದಾದ ಪುಟ ಅದು,
ಎಂದರೆ ಯಾರೂ ತಿದ್ದದ ಪುಟ.
ಆಗಸ್ಟಿನ ಸೆಕೆಯಲ್ಲೂ ಅಲ್ಲಿ
ಮಾರ್ಚ್ ಹನ್ನೆರಡರ ರಿಪೇರಿ ಕೂಟಕ್ಕೆ ಕರೆ:
‘ಕೋಟು ತನ್ನಿ, ಹೀಟರ್ ಕೆಟ್ಟಿದೆ.’
ತಾರೀಕು ಬದಲಿಸುವುದು ನನ್ನ ಪಾಲಿನ ಕೆಲಸ.
ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬದಲಿಸುತ್ತಿದ್ದೆ.

ಗುಂಡುಲಾ ಬಂದಳು. ಬಾಯಲ್ಲಿ ಎರಡು ಸ್ಕ್ರೂ,
ಮಡಿಲಲ್ಲಿ ಯಾರದೋ ಮಿಕ್ಸರ್.
ಬೈಯಲಿಲ್ಲ. ಸ್ಕ್ರೂ ಉಗುಳಿ
ಐದು ಸಾಲು ಬರೆದಳು:
ಇವತ್ತು ಯಾವ ದಿನ ನೋಡು,
ತಿಂಗಳ ಎರಡನೆಯ, ನಾಲ್ಕನೆಯ ಬುಧವಾರ ಹುಡುಕು,
ಕಳೆದದ್ದನ್ನು ಬಿಡು,
ಬರುವ ಮೂರನ್ನು ತೋರಿಸು.
ಐದನೆಯ ಸಾಲು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.

ಕಳೆದದ್ದನ್ನು ಬಿಡು!
ಎಷ್ಟು ಸಲೀಸಾಗಿ ಬರೆದುಬಿಟ್ಟಳು.

ಅಂದಿನಿಂದ ಲೈಪ್‌ಜಿಗ್‌ನ ಈ ಓಣಿಯಲ್ಲಿ,
ನೂಲಿನ ಗಿರಣಿಯ ಹಿಂದಿನ ನಮ್ಮ ಕೋಣೆಗೆ
ಜುಟ್ಟಿಲ್ಲದ ಜೋಯಿಸನೊಬ್ಬ ಸಿಕ್ಕಿದ್ದಾನೆ.
ನಡುರಾತ್ರಿ ಒಂದು ಬುಧವಾರ ಸತ್ತರೆ
ಪಟ್ಟಿಯ ಕೊನೆಗೆ ಇನ್ನೊಂದನ್ನು ಹುಟ್ಟಿಸುತ್ತಾನೆ.
ರಾಹುಕಾಲ ಕೇಳುವುದಿಲ್ಲ, ದಕ್ಷಿಣೆ ಕೇಳುವುದಿಲ್ಲ.
ತಿಂಗಳಿಗೆ ಐದನೆಯ ಬುಧವಾರ ಬಂದರೆ
ಪಕ್ಕದ ಮನೆಯ ಮಗುವೆಂಬಂತೆ ದಾಟಿಸಿ ಕಳಿಸುತ್ತಾನೆ.

ಹಾಗೆಯೇ ತೋರಿಸಿದ, ಡಿಸೆಂಬರ್ ಇಪ್ಪತ್ನಾಲ್ಕು.
ಸಂಜೆ ಏಳು. ಎಲ್ಲರಿಗೂ ಸ್ವಾಗತ.
ಯಾರೂ ಗಮನಿಸಲಿಲ್ಲ.
ಊರಿಗೂರೇ ಕಿಟಕಿಗೆ ದೀಪ ಹಚ್ಚಿ ಒಳಗೆ ಕೂತಿತ್ತು.
ಆಲೂಗಡ್ಡೆ ಸಲಾಡು ಕಲಸುತ್ತಿದ್ದೆ, ನೆನಪಾಯಿತು;
ಸಾಸಿವೆ ಮೆತ್ತಿದ ಕೈಯಲ್ಲೇ ಸೈಕಲ್ ಹತ್ತಿದೆ.
ಯಾರು ಬರುತ್ತಾರೆ, ಅಂದುಕೊಳ್ಳುತ್ತ.

ಬೀಗದ ಮುಂದೆ ಒಬ್ಬ ಹುಡುಗ,
ಕಂಕುಳಲ್ಲಿ ಹೊಲಿಗೆ ಯಂತ್ರ, ಮಗುವಿನ ಹಾಗೆ ಶಾಲು ಹೊದಿಸಿ.
ತೆಕ್ಲಿತ್, ಎಂದ. ಎರಿಟ್ರಿಯಾದವನು.
‘ಏಳು ಅಂತ ಇತ್ತು. ಏಳೂ ಇಪ್ಪತ್ತಾಯಿತು.’
ಇವತ್ತು ಹಬ್ಬವಲ್ಲವೇ, ಅಂದೆ.
‘ನಿಮ್ಮದು.
ನಮ್ಮದಕ್ಕೆ ಇನ್ನೂ ಹದಿನಾಲ್ಕು ದಿನ.
ಅಷ್ಟರಲ್ಲಿ ತಂಗಿಯ ಬಿಳಿ ಬಟ್ಟೆಗೆ ಅಂಚು ಕೂಡಿಸಬೇಕು.’

ಹೀಟರ್ ಕೆಮ್ಮಿತು, ಹತ್ತಿಕೊಂಡಿತು.
ಬಾಬಿನ್ನಿನ ಕೆಳಗೆ ಗುಬ್ಬಿ ಗೂಡಿನಷ್ಟು ದಾರದ ಸಿಕ್ಕು.
ನಾನು ಟಾರ್ಚು ಹಿಡಿದೆ, ಅವನು ಚಿಮಟ.
ಹೆಚ್ಚು ಮಾತಾಡಲಿಲ್ಲ.
ಮನೆಯಿಂದ ಮೂರು ಸಲ ಫೋನು ಬಂತು.
ಒಂಬತ್ತಕ್ಕೆ ಯಂತ್ರ ಟಕಟಕ ಎಂದಾಗ
ಅವನು ನನ್ನ ಎಣ್ಣೆ ಬಟ್ಟೆಯ ಮೇಲೆ
ಒಂದು ಗೆರೆ ಹೊಲಿದು ತೋರಿಸಿದ. ನೆಟ್ಟಗಿತ್ತು.

ಜನವರಿ ಹದಿನಾಲ್ಕು. ಎಲ್ಲರೂ ಸೇರಿದ್ದೆವು.
ಆರನೆಯ ಸಾಲು ಸೇರಿಸೋಣ, ಎಂದ ಯೋರ್ಗ್,
ಹಬ್ಬ ಬಂದರೆ ಆ ದಿನ ಬಿಡು, ಅಂತ.
ಗುಂಡುಲಾ ಕೀಲಿಮಣೆಯ ಮೇಲೆ ಬೆರಳಿಟ್ಟಳು.
‘ಸರಿ, ಹೇಳಿ. ಯಾರ ಹಬ್ಬ?’
ಮೂಲೆಯಲ್ಲಿ ತೆಕ್ಲಿತ್ ಯಾರದೋ ಟೋಸ್ಟರ್ ಬಿಚ್ಚುತ್ತಿದ್ದ,
ತಲೆಯೆತ್ತಲಿಲ್ಲ.
ಪರದೆಯ ಮೇಲೆ ಗೆರೆಯೊಂದು ಮಿಣುಕಿತು, ಮಿಣುಕಿತು.
ಯೋರ್ಗ್ ಚಹಾಕ್ಕೆ ನೀರಿಡಲು ಎದ್ದ.

ಆ ದಿನ ಮತ್ತೆ ಬುಧವಾರಕ್ಕೆ ಬೀಳುವುದು
ಇನ್ನು ಆರು ವರ್ಷಕ್ಕಂತೆ, ಎಣಿಸಿ ಹೇಳಿದಳು.
ಕೋಣೆಯ ಕೀಲಿಯನ್ನು ನಾನು
ಮನೆಗೊಯ್ದು, ಉಪ್ಪಿನ ಡಬ್ಬಿಯ ಪಕ್ಕ
ಮೊಳೆಗೆ ತೂಗುಹಾಕಿದ್ದೇನೆ.