ಕೈಗಾವಲು

ಉದ್ದಿನವಡೆಯಷ್ಟು ಅಗಲ, ನಡುವೆ ತೂತು.
ಬಾಡಿಗೆಗೆ ಬಂದ ಮನೆಯೊಡೆಯ ಮೊದಲ ಸಲ ನೋಡಿ
'ಏನ್ರೀ ಗಾದಿಲಿಂಗಪ್ಪ, ಪಂಪ್‌ಸೆಟ್ಟಿನ ವಾಷರ್ರಾ?' ಅಂದ.
ಹೌದು ಅಂದೆ.
ಕೌಲ್‌ಬಜಾರಿನ ಓಣಿಯಲ್ಲಿ ನಿಂತು
ಜಪಾನಿನ ಕತ್ತಿಯ ತ್ಸುಬಾ ಅಂತ ಹೇಳಿ
ಬಾಡಿಗೆ ಏರಿಸಿಕೊಳ್ಳುವವರು ಯಾರು?

ಕತ್ತಿ ಇಲ್ಲ ನನ್ನಲ್ಲಿ.
ಅಡುಗೆಮನೆಯ ಚಾಕು ಒಂದಿದೆ, ಹುಲಿಗೆಮ್ಮನದು.
ಅಲಗಿಗೂ ಹಿಡಿಗೂ ನಡುವೆ ಕೂತು
ಕೈ ಮುಂದೆ ಜಾರದ ಹಾಗೆ,
ಎದುರಿನ ಏಟು ಬೆರಳಿಗೆ ಇಳಿಯದ ಹಾಗೆ
ತಡೆಯುವ ತಟ್ಟೆಗಳು ಮಾತ್ರ, ಏಳು.
ಎಂಟು ಅನ್ನಬೇಕು; ಎಂಟನೆಯದು ಮೋಸ.
ಅಚ್ಚಿಗೆ ಎರೆದದ್ದು. ತೂತಿನ ಒಳಅಂಚಿನ ಗೆರೆ
ಉಗುರಿಗೆ ಸಿಕ್ಕಿದ್ದು ದುಡ್ಡು ಕಳಿಸಿದ ಮೇಲೆ.
ಉಪ್ಪಿನಕಾಯಿ ಭರಣಿಯ ಬಟ್ಟೆ ಹಾರದಂತೆ
ಅದು ಭಾರಕ್ಕಿತ್ತು ಬಹಳ ದಿನ.

ಮೊದಲನೆಯದನ್ನು ಕೊಟ್ಟವನು ಮೊರಿಶಿತಾ.
ಅದಿರಿನ ಗುಣ ನೋಡಲು ವರ್ಷಕ್ಕೆರಡು ಸಲ ಬರುತ್ತಿದ್ದ,
ಅವನ ಬಿಳಿ ಕೈಗವಸು ಹತ್ತೇ ನಿಮಿಷಕ್ಕೆ ಕೆಂಪು.
ನಾನು ಸ್ಯಾಂಪಲ್ ಶೆಡ್ಡಿನಲ್ಲಿ ಕಲ್ಲು ಅರೆಯುವವ:
ವ್ಯಾಗನ್ನಿಗೊಂದು ಬುಟ್ಟಿ, ಬುಟ್ಟಿ ಮುಷ್ಟಿಯಾಗಿ, ಮುಷ್ಟಿ ಚಿಟಿಕೆಯಾಗಿ
ಪೊಟ್ಟಣದಲ್ಲಿ ಮದ್ರಾಸಿನ ಬಂದರಿಗೆ.
ಕ್ರಷರಿನ ಬಾಯಿಗೊಂದು ಜಾಲರಿ ಇತ್ತು.
ತುಂಬಿಸಲು ತಡವೆಂದು ಬಿಚ್ಚಿ ಗೋಡೆಗೆ ಒರಗಿಸಿತ್ತು.
ಒರಗಿಸಿದವನು ನಾನೇ.

ಎರಡು ಬೆರಳು.

ದೊಡ್ಡಾಸ್ಪತ್ರೆಗೆ ಮೊರಿಶಿತಾ ಬಂದ.
ಅವನ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ
ನೆಂಟಸ್ತನ ಇರಲಿಲ್ಲ.
ಕರವಸ್ತ್ರದಲ್ಲಿ ಸುತ್ತಿದ್ದನ್ನು ನನ್ನ ಎಡಗೈಗಿಟ್ಟು ಬಾಗಿದ.
ಅವರಜ್ಜನದಂತೆ.
ಈಗ ಯಾಕಪ್ಪ ಇದು ಅಂತ
ಸಿಟ್ಟೇ ಬಂದಿತ್ತು ನನಗೆ, ಸುಳ್ಳು ಯಾಕೆ.

ಕೆಂಪು ತುಕ್ಕು ತಿನ್ನುತ್ತದೆ. ಕಪ್ಪು ತುಕ್ಕು ಕಾಯುತ್ತದೆ.
ಇಷ್ಟು ಕಲಿಯಲು ಹತ್ತು ವರ್ಷ ಹಿಡಿಯಿತು.
ಆಸಿಡ್ಡು ಕೂಡದು, ಉಪ್ಪುಕಾಗದವಂತೂ ಪಾಪ,
ಎಲುಬಿನಿಂದ ತೀಡಬೇಕು. ಜಿಂಕೆಯ ಕೊಂಬು ಉತ್ತಮ;
ನಮ್ಮಲ್ಲಿ ಭಾನುವಾರದ ಕುರಿಯ ನಳ್ಳಿ.
'ನಾಯಿಗೂ ಇಷ್ಟು ಎಲುಬಿನ ಹುಚ್ಚು ಇರಂಗಿಲ್ಲ'
ಅನ್ನುತ್ತಾಳೆ ಹುಲಿಗೆಮ್ಮ, ತೊಳೆದು ಒಣಗಿಸಿ ಕೊಡುತ್ತಾಳೆ.
ಆದರೆ ಬಳ್ಳಾರಿಯಲ್ಲಿ ಯಾವುದು ತುಕ್ಕು, ಯಾವುದು ಲಾರಿಯ ಧೂಳು?
ಕಿಟಕಿಯ ಸಂದಿಯಿಂದ ಸಂಡೂರು ಬಂದು ಕೂರುತ್ತದೆ ದಿನಾ
ಕಬ್ಬಿಣದ ಕೊಕ್ಕರೆಯ ಕತ್ತಿನ ಮೇಲೆ,
ಮೂಲಂಗಿ ಕೊರೆದ ತಟ್ಟೆಯ ಎಲೆಯ ಮೇಲೆ.
ಉಫ್ ಅಂದರೆ ಹೋದದ್ದು ಧೂಳು.
ಉಳಿದದ್ದು ನನ್ನ ಕೆಲಸ.

ನಮ್ಮ ಗುಡ್ಡ ಹಡಗೇರಿ ಹೋಗಿ ತಟ್ಟೆಯಾಗಿ ಮರಳಿತು ಅಂತ
ಹೈಸ್ಕೂಲಿನ ಮಾಸ್ತರೊಬ್ಬರು ಚಂದ ಮಾತಾಡಿದರು.
ಇಲ್ಲ ಸಾರ್. ಇದಕ್ಕೆ ಮುನ್ನೂರು ವರ್ಷ, ನಮ್ಮ ವ್ಯಾಗನ್ನಿಗೆ ಐವತ್ತು.
ಅವರ ಹೊಳೆಯ ಕಪ್ಪು ಮರಳಿನದು ಈ ಕಬ್ಬಿಣ.
ಲೆಕ್ಕ ನನಗೂ ಬರುತ್ತದೆ, ಎಂಟು ಬೆರಳಲ್ಲಿ.

ಮೊರಿಶಿತಾನ ಅಜ್ಜನದರಲ್ಲಿ ತೂತಿನ ಎರಡೂ ತುದಿಗೆ
ತಾಮ್ರದ ಚೂರು ಬಡಿದಿದ್ದಾರೆ ಯಾರೋ.
ಹಳೆಯ ಕತ್ತಿ ಹೋಗಿ ಹೊಸದು ಬಂದಾಗ
ಸಡಿಲಾಯಿತೇನೋ ತಟ್ಟೆ; ಎಸೆಯದೆ ಹೊಂದಿಸಿಕೊಂಡರು.

ಕಳೆದ ತಿಂಗಳು ಹುಲಿಗೆಮ್ಮನ ಚಾಕು ಜಾರಿತು.
ಹೆಚ್ಚೇನಿಲ್ಲ, ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು.
ಅವತ್ತು ರಾತ್ರಿ ಭರಣಿಯ ಮೇಲಿನ ಮೋಸದ ತಟ್ಟೆ ತೆಗೆದು
ಚಾಕಿಗೆ ತೂರಿಸಿದೆ. ಗಡಗಡ ಅಲುಗಾಡಿತು.
ಹಳೆಯ ಮೋಟಾರಿನ ತಾಮ್ರದ ತಂತಿ ಬಡಿದು ಬಡಿದು
ಹಿಡಿಗೆ ಕೂರಿಸುವಷ್ಟರಲ್ಲಿ ಕೋಳಿ ಕೂಗಿತು.

'ಬದನಿಕಾಯಿ ಹೆಚ್ಚೋಕೆ ಅಡ್ಡ ಬರ್ತೈತಿ ಇದು' ಅಂದಳು.
ತೆಗೆದುಹಾಕು ಅಂದೆ.
ತೆಗೆದಿಲ್ಲ ಇನ್ನೂ.
ಭರಣಿಯ ಮೇಲೆ ಈಗ ಕಲ್ಲು ಇಟ್ಟಿದ್ದಾಳೆ,
ಸಂಡೂರಿನದು, ಅರೆಯದ್ದು.